ಐದು ಡಿಗ್ರಿ ಎಡಕ್ಕೆ

ಕತ್ತರಿಸಿ ಎಸೆದ ಫೋಟೋದ ಅಂಚು ತಿರುಗಿ ಬರುತ್ತದಂತೆ ಎಂಬ ಸುದ್ದಿ ಸೋಗಿಹಾಳಕ್ಕೆ ಮುಟ್ಟಿದಾಗ ಮೊದಲು ಬೆವೆತವರು ಬೀಗರು. ಮದುವೆಯ ಆಲ್ಬಮ್ಮಿನಿಂದ ಮೊದಲ ಹೆಂಡತಿಯನ್ನು ತೆಗೆಸಿದವರು, ಮನೆಯ ಪೂಜೆಯ ಸಾಲಿನಿಂದ ಜಗಳಗಂಟ ತಮ್ಮನನ್ನು ಹಾರಿಸಿದವರು, ಚುನಾವಣೆಗೆ ಮುಂಚೆ ತನ್ನ ಭುಜದ ಮೇಲಿನ ಒಂದು ಕೈಯನ್ನಷ್ಟೇ ಅಳಿಸಿಕೊಂಡು ಹೋಗಿದ್ದ ಪುಢಾರಿ, ಎಲ್ಲರೂ ಒಬ್ಬೊಬ್ಬರಾಗಿ ಪುರಸಭೆಯ ಎದುರಿನ ಕಲಾದರ್ಶನ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಮಾಲೀಕ ಮೌನೇಶ ಪತ್ತಾರನ ಕಿವಿಯ ಹತ್ತಿರ ಬಾಯಿ ತಂದು ಕೇಳಿದರು.

"ಖರೇನ ಏನ್ರೀ?"

"ಖರೇನಽ ಅಂತ. ಪೇಪರಿನ್ಯಾಗ ಬಂದೈತಿ."

"ಮತ್ತ ಅವತ್ತ ಪೂರಾ ಹೋತು ಅಂದಿದ್ರಲ್ಲ?"

"ನಾ ಬರೇ ಕತ್ರಿ ರೀ. ಕೈ ನಿಮ್ದು."

ಯಾರೂ ನಗುತ್ತಿರಲಿಲ್ಲ.

ಯಂತ್ರವನ್ನು ಜಿಲ್ಲಾ ಕೇಂದ್ರದ ಪ್ರಯೋಗಾಲಯದಲ್ಲಿ ಕೂರಿಸಿದ್ದರು. ಅದಕ್ಕೊಂದು ಉದ್ದದ ಸರ್ಕಾರಿ ಹೆಸರಿತ್ತು. ಜನ ಅದನ್ನು ಬಿಚ್ಚೋ ಮಷೀನು ಎಂದು ಕರೆದರು. ಪತ್ರಿಕೆಯವರು ಬಿಡಿಸಿ ಬರೆದಿದ್ದರು. ಕಂಪ್ಯೂಟರಿನಲ್ಲಿ ಫೋಟೋ ತಿರುಗಿಸಿದಾಗ ಪ್ರತಿ ಚುಕ್ಕೆಯೂ ತನ್ನ ಜಾಗ ಬಿಟ್ಟು ಪಕ್ಕದ ಚುಕ್ಕೆಗಳೊಡನೆ ಬಣ್ಣ ಹಂಚಿಕೊಳ್ಳುತ್ತದೆ. ಆ ಹಂಚಿಕೆ, ಓರೆಯಾಗಿ ಎಳೆದ ಸೀರೆಯ ಹಾಸು ಹೊಕ್ಕಿನಂತೆ, ಎಷ್ಟು ತಿರುಗಿಸಿದೆ ಎಂಬುದರ ಗುರುತು ಬಿಡುತ್ತದೆ. ಇನ್ನು ಕತ್ತರಿಸಿದ ಮೂಲೆ. ಮಸೂರದೊಳಗೆ ಬಂದ ಬೆಳಕೆಲ್ಲ ತನ್ನ ಜಾಗಕ್ಕೇ ಹೋಗಿ ಬೀಳುವುದಿಲ್ಲ. ಕೂದಲೆಳೆಯಷ್ಟು ಬೆಳಕು ಗಾಜಿನೊಳಗೆ ಸಿಡಿದು, ತೆಳ್ಳನೆಯ ಮಂಜಿನಂತೆ ಇಡೀ ಚಿತ್ರದ ಮೇಲೆ ಹರಡುತ್ತದೆ. ಅಂದರೆ ಮೂಲೆಯನ್ನು ಕತ್ತರಿಸಿ ಎಸೆದರೂ ಮೂಲೆಯ ಬೆಳಕು ಆಗಲೇ ನಡುವಿಗೆ ಬಂದು ಕೂತಿರುತ್ತದೆ. ಯಂತ್ರ ಆ ಮಂಜನ್ನು ಸೋಸಿ, ಎಲ್ಲಿಂದ ಬಂದಿತ್ತೋ ಅಲ್ಲಿಗೆ ಕಳಿಸುತ್ತದೆ. ಹಳೆಯ ತಂತ್ರಾಂಶಗಳಂತೆ ಕಲ್ಪಿಸಿಕೊಂಡು ತುಂಬುವುದಿಲ್ಲ. ಅದಕ್ಕೇ ನ್ಯಾಯಾಲಯ ಅದರ ಮಾತು ಕೇಳುತ್ತಿತ್ತು.

ಮೌನೇಶ ಆ ವರದಿಯನ್ನು ಮೂರು ಸಲ ಓದಿ, ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಗಲ್ಲಾದ ಕೆಳಗೆ ತುರುಕಿದ್ದ.

ದೇವಕ್ಕ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಕಲ್ಲಗುಡ್ಡ ಕಾಲೊನಿಯಲ್ಲಿ ಗೋಡೆ ಕಟ್ಟುವ ಗೌಂಡಿ ಹುಲಿಗೆಪ್ಪನ ಮಗಳು ಅವಳು, ಇಪ್ಪತ್ತಾರರ ಹುಡುಗಿ. ಕಾಲೊನಿಯ ಅಂಗನವಾಡಿಯಲ್ಲಿ ಭಾನುವಾರಕ್ಕೊಮ್ಮೆ ಹತ್ತು ಹನ್ನೆರಡು ಹೆಂಗಸರನ್ನು ಕೂರಿಸಿಕೊಂಡು ಓದಿಸುತ್ತಾಳೆ, ಕಾನೂನಿನ ಪುಸ್ತಕ, ಪತ್ರಿಕೆ, ಅರ್ಜಿಯ ಉತ್ತರ, ಏನು ಸಿಕ್ಕರೆ ಅದು ಎಂದು ಮೌನೇಶ ಕೇಳಿದ್ದ. ಒಂಬತ್ತು ವರ್ಷದ ಹಿಂದೆ ಕಾಲೊನಿಯ ನೀರಿನ ಟಾಕಿ ಬಿದ್ದ ದುರಂತದ ವಿಚಾರಣಾ ವರದಿಯನ್ನು ಅವರು ಎಂಟು ಭಾನುವಾರ ಗಟ್ಟಿಯಾಗಿ ಓದಿ ಮುಗಿಸಿದ್ದರು. ಆ ದಪ್ಪ ಪುಸ್ತಕವನ್ನೇ ಅವಳು ಗಲ್ಲಾದ ಮೇಲೆ ತೆರೆದಿಟ್ಟಳು. ಪುಟ ನೂರಾ ಹನ್ನೆರಡು. ಚಿತ್ರ ಮೂರು. ನೀರಿನ ಟಾಕಿ, ನಾಲ್ಕು ಕಂಬಗಳ ಮೇಲೆ, ಕಡ್ಡಿಯಂತೆ ನೆಟ್ಟಗೆ.

"ಪತ್ತಾರ ಕಾಕಾ, ಇದು ನಿಮ್ಮ ಕೈಯಾಗ ಆದದ್ದಲ್ಲ?"

"ಒಂಬತ್ತು ವರ್ಷದ ಮಾತು ಯವ್ವಾ. ದಿನಾ ನೂರು ಫೋಟೋ ಬರ್ತಾವು."

"ನೆನಪಿಲ್ಲ ಅಂತೀರಿ."

"ನೆನಪಿಲ್ಲ."

"ಪುಟದ ಕೆಳಗ ನಿಮ್ಮ ಸ್ಟುಡಿಯೋದ ಶಿಕ್ಕಾ ಐತಿ. ಶಿಕ್ಕಾಕ್ಕ ನೆನಪೈತಿ, ನಿಮಗಿಲ್ಲ."

ಮೌನೇಶ ಕನ್ನಡಕ ತೆಗೆದು ಒರೆಸಿಕೊಂಡ. ದೇವಕ್ಕ ಬಂದ ಕೆಲಸ ಬಿಡುವವಳಲ್ಲ.

"ಮಷೀನು ಕತ್ತರಿಸಿದ ಮೂಲಿ ತಂದು ಕೊಡ್ತೈತಿ. ಆದ್ರ ಆ ಫೋಟೋಕ್ಕ ಏನೇನು ಮಾಡೀರಿ, ಯಾವುದರ ಹಿಂದ ಯಾವುದು ಮಾಡೀರಿ, ಅದನ್ನ ಮಾಡಿದವ್ರಽ ಪ್ರಮಾಣ ಮಾಡಿ ಹೇಳಬೇಕಂತ. ಹಿಂದು ಮುಂದಾದ್ರ ಸುಳ್ಳು ಮೂಲಿ ಬರ್ತೈತಿ. ಕೋರ್ಟಿನವ್ರು ತಗೊಳ್ಳೂದಿಲ್ಲ. ನಮ್ಮಪ್ಪ ಐದು ವರ್ಷ ಒಳಗಿದ್ದು ಬಂದಾನ ಕಾಕಾ. ಬಂದಾಗಿಂದ ಅವನ ಬಾಯಾಗ ಒಂದಽ ಮಾತು. 'ನಾ ಹೇಳಿದ್ದೆ. ಬೀಳೂಕಿಂತ ಮೊದ್ಲಽ ಹೇಳಿದ್ದೆ.' ಅಷ್ಟು ಮಾತು ಒಂದು ಸರ್ಕಾರಿ ಹಾಳಿ ಮ್ಯಾಲೆ ಬರಬೇಕು. ಮತ್ತೇನೂ ಬ್ಯಾಡ ನಮಗ."

ಪುಸ್ತಕ ಮುಚ್ಚಿಕೊಂಡು ಹೋದಳು.

ನೆನಪಿಲ್ಲದೆ ಏನು? ಆ ದಿನ ಮಧ್ಯಾಹ್ನ ತಿಂದ ಪಲ್ಯ ಯಾವುದೆಂದು ಕೂಡ ಅವನಿಗೆ ನೆನಪಿತ್ತು. ಪುರಸಭೆಯ ಗುಮಾಸ್ತ ಶೇಷಪ್ಪ ಪೆನ್‌ಡ್ರೈವ್ ತಂದಿದ್ದ. ಟಾಕಿಯ ಸ್ಥಿತಿಗತಿ ವರದಿಗೆ ಫೋಟೋಗಳು, ಸಂಜೆಯೊಳಗೆ ಆಗಬೇಕು ಎಂದಿದ್ದ. ಹದಿನಾಲ್ಕು ಚಿತ್ರಗಳಲ್ಲಿ ಒಂದರಲ್ಲಿ ಟಾಕಿ ಬಲಕ್ಕೆ ವಾಲಿತ್ತು. ಎಡ ಅಂಚಿನಲ್ಲಿ ಒಬ್ಬ ಮನುಷ್ಯ ಕೈ ಎತ್ತಿ ಒಂದು ದಾರ ಹಿಡಿದು ನಿಂತಿದ್ದ, ದಾರದ ತುದಿಗೆ ಹಿತ್ತಾಳೆಯ ತೂಗುಗುಂಡು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗೌಂಡಿಗಳು ಇಳಿಬಿಡುವ ಗುಂಡು.

ಮೌನೇಶನ ಕಣ್ಣಿಗೆ ಇದ್ಯಾವುದೂ ಅರ್ಥವಾಗಿ ಕಂಡಿರಲಿಲ್ಲ. ಕಂಡದ್ದು ಒಂದು ಸೊಟ್ಟ ಫೋಟೋ. ಸೊಟ್ಟ ಫೋಟೋ ಕಂಡರೆ ಅವನಿಗೆ ಹಲ್ಲಿನ ಸಂದಿಯಲ್ಲಿ ಕಡ್ಡಿ ಸಿಕ್ಕಂತೆ. ಮೂವತ್ತು ವರ್ಷದ ಕಸುಬು ಕಲಿಸಿದ್ದು ಅದನ್ನೇ: ಚಿತ್ರದಲ್ಲಿ ಬಾಗಿಲಿದ್ದರೆ ಬಾಗಿಲು, ಕಂಬವಿದ್ದರೆ ಕಂಬ, ಎತ್ತರದ್ದೊಂದನ್ನು ಹಿಡಿದುಕೊಂಡು ನೆಟ್ಟಗೆ ಮಾಡು, ಉಳಿದದ್ದು ತಾನಾಗಿ ಸರಿಹೋಗುತ್ತದೆ. ಫೋನು ಹಿಡಿದವನ ಕೈ ವಾಲಿದೆ ಎಂದುಕೊಂಡ. ಟಾಕಿಯ ಕಂಬ ಹಿಡಿದು ಐದು ಡಿಗ್ರಿ ಎಡಕ್ಕೆ ತಿರುಗಿಸಿದ. ಟಾಕಿ ನೆಟ್ಟಗಾಯಿತು. ಆಗ ಅಂಚಿನಲ್ಲಿದ್ದ ಮನುಷ್ಯ ಸೊಟ್ಟಗಾದ, ಅವನ ದಾರ ಸೊಟ್ಟಗಾಯಿತು, ಕುಡುಕನ ಕೈಯ ದಾರದಂತೆ. ಅಂದಗೆಟ್ಟು ಕಂಡಿತು. ಎರಡೂ ಬದಿಯ ಅಂಚನ್ನು ಕತ್ತರಿಸಿದ. ನೆಲ ಓರೆಯಾಗಿ ಉಳಿಯಿತಾದರೂ ಕಲ್ಲಗುಡ್ಡದ ನೆಲವೇ ಇಳಿಜಾರು, ಯಾರಿಗೆ ಅನುಮಾನ ಬರಬೇಕು? ಬೆಳಕು ಏರಿಸಿ, ಉಳಿಸಿ, ಮೂಲ ಚಿತ್ರಗಳನ್ನು ಎಂದಿನಂತೆ ಅಳಿಸಿ ಹಾಕಿದ.

ಯಾರೂ ಅವನಿಗೆ ಹೀಗೆ ಮಾಡೆಂದು ಹೇಳಿರಲಿಲ್ಲ. ಲಂಚ ಕೊಟ್ಟಿರಲಿಲ್ಲ, ಹೆದರಿಸಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಎಲ್ಲ ನೆಟ್ಟಗೆ ಕಾಣಬೇಕೆಂಬ ಕಚೇರಿಗೆ ಅವನಂಥವನು ಎದುರಿಗೇ ಅಂಗಡಿ ಹಾಕಿಕೊಂಡು ಕೂತಿದ್ದ. ಶೇಷಪ್ಪ ಪ್ರಿಂಟು ನೋಡಿ, "ಛಲೋ ಆಗೇತ್ರಿ ಪತ್ತಾರ, ಹೊಸಾ ಟಾಕಿ ಕಂಡಂಗ ಕಾಣ್ತೈತಿ," ಎಂದು ಹೋದ.

ನಲವತ್ತು ದಿನದ ಮೇಲೆ ಬೆಳಿಗ್ಗೆ ಏಳಕ್ಕೆ, ಕೊಡ ಹಿಡಿದು ಸರದಿಯಲ್ಲಿ ನಿಂತವರ ಮೇಲೆ ಟಾಕಿ ಬಿತ್ತು. ಹನ್ನೊಂದು ಜನ. ಅವರಲ್ಲಿ ಹುಲಿಗೆಪ್ಪನ ಹೆಂಡತಿ ರೇಣವ್ವನೂ ಇದ್ದಳು.

ಕಟ್ಟಿದ ಗುತ್ತಿಗೆದಾರ ಸಿಗಲಿಲ್ಲ. ಸಿಕ್ಕವನು ಹುಲಿಗೆಪ್ಪ. ಕಾಲೊನಿಗೆ ಕಳ್ಳ ನಲ್ಲಿ ಎಳೆಯಲೆಂದು ಟಾಕಿ ಬೀಳುವ ವಾರ ಅವನೇ ಕಂಬದ ಬುಡ ಅಗೆದನಂತೆ, ಅದಕ್ಕೇ ಬಿತ್ತಂತೆ. ತನ್ನ ಹೆಂಡತಿ ದಿನಾ ನಿಲ್ಲುವ ಜಾಗದ ಕಂಬವನ್ನು ಗಂಡ ಅಗೆಯುತ್ತಾನೆಯೇ ಎಂದು ವಿಚಾರಣೆಗೆ ಕೂತ ಆಯೋಗದಲ್ಲಿ ಒಬ್ಬರಾದರೂ ಕೇಳಲಿಲ್ಲ. ಹುಲಿಗೆಪ್ಪ ಕೈಮುಗಿದು ಹೇಳಿದ: ಟಾಕಿ ವಾಲೇತಿ ಅಂತ ನಾನಽ ಇಂಜಿನಿಯರ ಸಾಹೇಬ್ರನ್ನ ಕರಕೊಂಡು ಹೋಗಿ ಗುಂಡು ಬಿಟ್ಟು ತೋರ್ಸೇನ್ರಿ, ಸಂಗಡ ಬಂದ ಕಚೇರಿಯವ್ರು ಫೋಟೋ ಹೊಡದಾರ್ರಿ, ಜನರನ್ನ ಹೆದರಿಸಬ್ಯಾಡ ನಾವು ನೋಡ್ಕೋತೀವಿ ಅಂದಾರ್ರಿ. ಆಯೋಗ ಚಿತ್ರ ಮೂರನ್ನು ಅವನ ಮುಂದೆ ಹಿಡಿಯಿತು. ಇದೇ ಆ ಫೋಟೋ. ಟಾಕಿ ನೆಟ್ಟಗಿದೆ. ನೀನೆಲ್ಲಿದ್ದೀ, ತೋರಿಸು. ಅವನು ಎಡ ಅಂಚಿನ ಮೇಲೆ ಬೆರಳಿಟ್ಟು ಆಚೆ ಈಚೆ ಹುಡುಕಿದನೆಂದೂ ಸಭೆ ನಕ್ಕಿತೆಂದೂ ಪತ್ರಿಕೆಯಲ್ಲಿ ಬಂದಿತ್ತು.

ಆ ಸಾಲು ಓದಿದ ದಿನ ಮೌನೇಶನಿಗೆ ಎಲ್ಲ ತಿಳಿಯಿತು. ತಿಳಿದವನು ಅಂಗಡಿಯ ಬಾಗಿಲು ತೆಗೆದು, ಎಂದಿನಂತೆ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆಯಲು ಕೂತ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹೆಂಡತಿ ನೀಲಮ್ಮ ಯಾರದೋ ಕುಪ್ಪಸದ ಹೊಲಿಗೆ ಬಿಚ್ಚುತ್ತ ಕೂತಿದ್ದಳು. ತೋಳು ಬಿಗಿಯಾಯಿತೆಂದು ವಾಪಸು ಬಂದದ್ದು.

"ಎಲ್ಲಿಂದ ಶುರು ಮಾಡ್ತಿ ಬಿಚ್ಚಾಕ?" ಮೌನೇಶ ಕೇಳಿದ.

"ಕೊನಿ ಹೊಲಿಗಿ ಮೊದ್ಲ. ಅಂಚು, ಆಮ್ಯಾಲೆ ಬಗಲು, ಆಮ್ಯಾಲೆ ತೋಳು. ಹೊಲಿದವ್ರಿಗಷ್ಟಽ ಗೊತ್ತಿರ್ತೈತಿ. ಯಾಕ್ರೀ? ಮೂವತ್ತು ವರ್ಷದಾಗ ಇಲ್ಲದ್ದು ಇವತ್ತ ನನ್ನ ಹೊಲಿಗಿ ಸುದ್ದಿ?"

ಹೇಳಿದ. ರೊಟ್ಟಿ ತಟ್ಟೆಯಲ್ಲೇ ಒಣಗಿತು. ನೀಲಮ್ಮ ಬ್ಲೇಡನ್ನು ಕುಪ್ಪಸದ ಮೇಲಿಟ್ಟಳು.

"ಒಂಬತ್ತು ವರ್ಷ ನನ್ನ ಬಾಜೂಕ ಮಲಗಿ ಎದ್ದೀರಿ. ಒಮ್ಮೆರ ಬಾಯಿ ಬಿಟ್ಟೀರೇನು?"

"ಹೇಳಿದ್ರ ನನ್ನಽ ಒಳಗ ಹಾಕ್ತಿದ್ರು ನೀಲಾ. ಸಾಕ್ಷಿ ನಾಶ ಅಂತ. ಈಗೂ ಹಾಕ್ತಾರ. ಪ್ರಮಾಣ ಮಾಡಿದವನ ಮ್ಯಾಲೆ ಕೇಸು ಆಗ್ತೈತಿ."

"ಆ ಮನುಷ್ಯಾನ್ನ ಹಾಕಿದ್ರಲ್ಲ, ಆಗ ನೀವೇನು ಮಾಡ್ತಿದ್ರಿ?"

"ಅಂಗಡಿಗೆ ಹೋಗಿದ್ದೆ."

"ಹೌದು. ಬರೂವಾಗ ಮೈಸೂರಪಾಕ ತಂದಿದ್ರಿ. ನನಗ ನೆನಪೈತಿ, ಅವನಿಗೆ ಐದು ವರ್ಷ ಅಂತ ಕೋರ್ಟಿನ ತೀರ್ಪು ಬಂದ ದಿನ. ಏನು ವಿಶೇಷ ಅಂತ ಕೇಳಿದ್ರ ಸುಮ್ಮನ ಅಂದ್ರಿ." ಅವಳು ಎದ್ದು ಒಳಗೆ ಹೋದಳು. ಒಳಗಿನಿಂದಲೇ ಹೇಳಿದಳು: "ನಾಳೆ ಹೋಗಿ ಹೇಳ್ರಿ. ನನ್ನ ಕೈಯಾಗ ಹೊಲಿಗಿ ಐತಿ. ಉಪವಾಸೇನೂ ಬೀಳೂದಿಲ್ಲ ನಾವು."

ಪ್ರಯೋಗಾಲಯದ ವಿಜ್ಞಾನಿ ಫರೀದಾ ಮುಲ್ಲಾ ಮೃದು ಮಾತಿನ ಹೆಂಗಸು. ಮೌನೇಶನಿಂದ ಪ್ರಮಾಣಪತ್ರಕ್ಕೆ ಸಹಿ ಹಾಕಿಸಿಕೊಂಡು, ದೊಡ್ಡ ಪರದೆಯ ಮುಂದೆ ಕೂರಿಸಿದರು. ಹಿಂದಿನ ಬೆಂಚಿನಲ್ಲಿ ದೇವಕ್ಕ, ಅವಳ ಪಕ್ಕ ಬಿಳಿ ಅಂಗಿಯ ಒಬ್ಬ ಒಣಕಲು ಮನುಷ್ಯ. ಹುಲಿಗೆಪ್ಪ. ಮೌನೇಶ ತಿರುಗಿ ನೋಡಲಿಲ್ಲ.

"ಕೊನೆಗೆ ಮಾಡಿದ್ದು ಏನು?"

"ಬೆಳಕು ಏರಿಸಿದ್ದು."

ಪರದೆಯ ಮೇಲೆ ಟಾಕಿ ಮಂಕಾಯಿತು.

"ಅದಕ್ಕಿಂತ ಮುಂಚೆ?"

"ಕತ್ತರಿಸಿದ್ದು. ಅದಕ್ಕಿಂತ ಮುಂಚೆ ತಿರುಗಿಸಿದ್ದು."

ಯಂತ್ರ ಮುಕ್ಕಾಲು ತಾಸು ಗುಂಯ್ಗುಟ್ಟಿತು. ಮೂಲೆಯಲ್ಲಿ ಒಂದು ಮರ ಬಂತು. ಹುಲಿಗೆಪ್ಪನ ದನಿ ಹಿಂದಿನಿಂದ ಕೇಳಿಸಿತು: "ಅಲ್ಲಿ ಗಿಡಾನಽ ಇಲ್ರಿ." ಫರೀದಾ ತಲೆಯಾಡಿಸಿದರು. "ಸುಳ್ಳು ಮೂಲೆ. ಒಂದು ಹೆಜ್ಜೆ ತಪ್ಪಿದೆ. ನಿಧಾನವಾಗಿ ನೆನಪು ಮಾಡಿಕೊಳ್ಳಿ ಪತ್ತಾರರೇ."

ಮೌನೇಶ ಕಣ್ಣು ಮುಚ್ಚಿದ. ತನ್ನ ಹಳೆಯ ಕಂಪ್ಯೂಟರು, ಪಕ್ಕದಲ್ಲಿ ಚಹಾ, ಶೇಷಪ್ಪನ ಅವಸರ. ಕಚೇರಿಯ ಜಾಲತಾಣ ದೊಡ್ಡ ಕಡತ ತೆಗೆದುಕೊಳ್ಳುವುದಿಲ್ಲ. "ಅಳತಿ ಸಣ್ಣದು ಮಾಡಿದ್ದೆ. ಕತ್ತರಿಸಿದ ಮ್ಯಾಲೆ, ಬೆಳಕಿನಕಿಂತ ಮೊದ್ಲ."

ಮತ್ತೆ ಯಂತ್ರ ಗುಂಯ್ಗುಟ್ಟಿತು. ಈ ಸಲ ಚಿತ್ರ ಮೆಲ್ಲಗೆ ಬಲಕ್ಕೆ ಹೊರಳಿತು. ನೆಟ್ಟಗಿದ್ದ ಟಾಕಿ ವಾಲುತ್ತ ಹೋಗಿ ಐದು ಡಿಗ್ರಿಗೆ ನಿಂತಿತು. ಈಗಲೇ ಬೀಳುತ್ತದೇನೋ ಎಂಬಂತೆ ಕಂಡಿತು. ಅಂಚುಗಳಲ್ಲಿ ಬೂದು ಬಣ್ಣದ ಮಸುಕು ಕಟ್ಟಿತು. ಆ ಮಸುಕಿನಲ್ಲಿ ಎಡಕ್ಕೆ ಕೆಳಗೆ ಒಂದು ಹಳದಿ ಮಿನುಗು. ಅದರ ನೇರ ಮೇಲೆ ಇನ್ನೊಂದು, ಬಿಳಿಯದು.

"ಹಿತ್ತಾಳೆ ಗುಂಡು," ಫರೀದಾ ಹೇಳಿದರು. "ಮೇಲಿನದು?"

"ನನ್ನ ಕೈಯಾಗಿನ ಬೆಳ್ಳಿ ಕಡಗ ರೀ. ಜೇಲಿಗೆ ಹೋಗೂವಾಗ ಬಿಚ್ಚಿ ಇಸ್ಕೊಂಡ್ರು," ಎಂದ ಹುಲಿಗೆಪ್ಪ.

ದಾರ ಬರಲಿಲ್ಲ. ಬೇಕಿರಲಿಲ್ಲ. ಎರಡು ಚುಕ್ಕೆಗಳಿದ್ದರೆ ಗೆರೆ ಎಳೆಯಬಹುದು, ತೂಗುವ ಗುಂಡಿನ ಗೆರೆ ಭೂಮಿಗೆ ನೇರವಾಗಿಯೇ ಇರುತ್ತದೆ. ಫರೀದಾ ಗೆರೆ ಎಳೆದರು. ವಾಲಿದ್ದು ಫೋನು ಹಿಡಿದ ಕೈಯಲ್ಲ, ಟಾಕಿ. ದೇವಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಮೌನೇಶನ ನೆನಪಿನಲ್ಲೇ ಇರದ ಬಲಗಡೆಯ ಕೆಳಮೂಲೆಯಲ್ಲೂ ಎರಡು ಮಿನುಗುಗಳು ಬಂದಿದ್ದವು. ಹತ್ತಿರ ಹತ್ತಿರ, ಅಂಡಾಕಾರ. ಪಾಲಿಶ್ ಮಾಡಿದ ಬೂಟು. ಕಲ್ಲಗುಡ್ಡದ ಕೆಸರಿನಲ್ಲಿ ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ನಿಲ್ಲುವವರು ಯಾರು? ತಾನು ಅಲ್ಲಿಗೆ ಹೋಗಿಯೇ ಇರಲಿಲ್ಲ ಎಂದು ಪ್ರಮಾಣ ಮಾಡಿದ್ದ ಇಂಜಿನಿಯರ ಸಾಹೇಬ. ಆದರೆ ಬೂಟಿನ ಮೇಲೆ ಕಾಲಿಲ್ಲ, ಕಾಲಿನ ಮೇಲೆ ಮುಖವಿಲ್ಲ.

"ನನ್ನ ಮುಖ ಬರ್ತೈತೇನ್ರಿ ಇನ್ನ?" ಹುಲಿಗೆಪ್ಪ ಕೇಳಿದ. ಕೂತಲ್ಲಿಂದ ಎದ್ದು ಪರದೆಯ ಹತ್ತಿರ ಬಂದಿದ್ದ.

ಫರೀದಾ ಅವನ ಕಡೆ ತಿರುಗಿದರು. "ಇಲ್ಲಪ್ಪ. ಹೊಳೆಯುವುದು ಬೆಳಕನ್ನ ಚೆಲ್ಲುತ್ತೆ. ಚೆಲ್ಲಿದ್ದನ್ನಷ್ಟೇ ಯಂತ್ರ ಹೆಕ್ಕುತ್ತೆ. ಕಪ್ಪು ಚರ್ಮ, ಮಣ್ಣಿನ ಬಟ್ಟೆ ಬೆಳಕನ್ನ ನುಂಗಿಬಿಡುತ್ತೆ."

"ಅಂದ್ರ ಸಾಹೇಬ್ರ ಬೂಟು ಬಂತು, ನಾ ಬರಲಿಲ್ಲ."

ಬೆಳಕೂ ಈ ದೇಶದ ಕಚೇರಿಗಳಲ್ಲೇ ಕೆಲಸ ಕಲಿತಂತಿತ್ತು.

ಮರುವಿಚಾರಣೆಯ ದಿನ ಕಾಲೊನಿ ಇಡೀ ಬಂದಿತ್ತು. ದೇವಕ್ಕನ ವಕೀಲರು ಮೊದಲೇ ಮೌನೇಶನಿಗೆ ಒಂದು ಮಾತು ತಿಳಿಸಿದ್ದರು. ಟಾಕಿ ನಲವತ್ತು ದಿನ ಮುಂಚೆಯೇ ವಾಲಿತ್ತೆಂದು ಯಂತ್ರ ಹೇಳಿದೆ, ಕಂಬ ಅಗೆದ ಆರೋಪ ಇದರಿಂದ ಬಿದ್ದುಹೋಗುತ್ತದೆ. ಆದರೆ ಹುಲಿಗೆಪ್ಪ ಎಚ್ಚರಿಸಿದ್ದನೆಂದು ಸಾಬೀತಾಗಬೇಕಾದರೆ ಆ ಗುಂಡು ಹಿಡಿದಿದ್ದವನು ಅವನೇ ಎಂದಾಗಬೇಕು. ಕಾಲೊನಿಯವರ ಸಾಕ್ಷಿಯನ್ನು ಸಂಬಂಧಿಕರ ಮಾತೆಂದು ಆಗಲೇ ತಳ್ಳಿದ್ದಾರೆ. ಮೂಲ ಚಿತ್ರ ಕಂಡವರಲ್ಲಿ ಕಚೇರಿಗೂ ಕಾಲೊನಿಗೂ ಸೇರದವನು ಲೋಕದಲ್ಲಿ ಒಬ್ಬನೇ ಉಳಿದಿದ್ದಾನೆ. ಅದು ನೀವು.

ಸಾಕ್ಷಿಕಟ್ಟೆಯಲ್ಲಿ ಮೌನೇಶ ಎಲ್ಲ ಹೇಳಿದ. ತಿರುಗಿಸಿದ್ದು, ಕತ್ತರಿಸಿದ್ದು, ಒಂಬತ್ತು ವರ್ಷ ಸುಮ್ಮನಿದ್ದದ್ದು. ವಕೀಲರು ಕೇಳಿದರು: "ನೀವು ಕತ್ತರಿಸಿ ತೆಗೆದ ಆ ಮನುಷ್ಯ ಹುಲಿಗೆಪ್ಪನೇ ಅಲ್ಲವೆ?"

ಹೌದೆಂದರೆ ಮುಗಿಯಿತು. ನಾಲಿಗೆಯ ತುದಿಯಲ್ಲೇ ಇತ್ತು ಆ ಮಾತು. ಅವನೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟು ಸಂಶಯವಿರಲಿಲ್ಲ. ನ್ಯಾಯಾಧೀಶರು ಪೆನ್ನು ಎತ್ತಿ, ನಿಧಾನವಾಗಿ, ಪ್ರಮಾಣದ ಮೇಲೆ ನೆನಪಿರಲಿ ಎಂಬಂತೆ ಕೇಳಿದರು: "ಮುಖ ನೋಡಿದಿರಾ?"

ಮೌನೇಶ ಆ ಮಧ್ಯಾಹ್ನಕ್ಕೆ ಮತ್ತೆ ಹೋದ. ಪರದೆ. ಟಾಕಿಯ ಕಂಬ. ಕಂಬದ ಅಂಚು. ಸೊಟ್ಟ ದಾರ. ದಾರ ಹಿಡಿದ ಕೈ. ಕೈಯ ಆಚೆ ಒಂದು ತಲೆ ಇತ್ತು. ಅದರ ಮೇಲೆ ಅವನ ಕಣ್ಣು ಒಂದು ಗಳಿಗೆಯೂ ನಿಂತಿರಲಿಲ್ಲ.

"ಒಬ್ಬ ಮನುಷ್ಯ ಇದ್ದ ರೀ," ಎಂದ. "ಮುಖ ನಾ ನೋಡಿರಲಿಲ್ಲ."

ತೀರ್ಪು ಎರಡು ವಾರಕ್ಕೆ ಬಂತು. ಹುಲಿಗೆಪ್ಪನ ಶಿಕ್ಷೆ ರದ್ದು. ಅವನು ಎಚ್ಚರಿಕೆ ಕೊಟ್ಟಿದ್ದನೆಂಬುದಕ್ಕೆ ಸ್ವತಂತ್ರ ಸಾಕ್ಷಿ ಇಲ್ಲ. ಬಿಳಿ ಮಿನುಗು ಅವನ ಕಡಗವೇ ಎನ್ನಲು ಆಧಾರವಿಲ್ಲ, ಚಿತ್ರದ ಅಂಚಿನಲ್ಲಿ ಇದ್ದದ್ದು ಗುರುತು ಸಿಗದ ವ್ಯಕ್ತಿ. ಬೂಟುಗಳು ಯಾರವೆಂದೂ ಹೇಳಲಾಗದು. ಇಂಜಿನಿಯರ ಸಾಹೇಬ ಆಗಲೇ ನಿವೃತ್ತನಾಗಿದ್ದ, ಅವನಿಗೆ ಏನೂ ಆಗಲಿಲ್ಲ. ಮೌನೇಶನ ಮೇಲೆ ಮೊಕದ್ದಮೆ ಹೂಡಲು ಆದೇಶವಾಯಿತು.

ನ್ಯಾಯಾಲಯದ ಹೊರಗೆ ದೇವಕ್ಕ ಅವನ ದಾರಿಗೆ ಅಡ್ಡ ನಿಂತಳು. "ಒಂಬತ್ತು ವರ್ಷ ಅವ್ರ ಸಲುವಾಗಿ ಸುಮ್ಮನಿದ್ರಿ. ನನ್ನ ಮುಂದ ನೆನಪಿಲ್ಲ ಅಂತ ಸುಳ್ಳು ಹೇಳಿದ್ರಿ. ಒಂದ, ಒಂದ ಹೌದು ಅನ್ನಾಕ ಬಾಯಿ ಬರಲಿಲ್ಲೇನು ನಮ್ಮ ಸಲುವಾಗಿ? ಇವತ್ತಽ ನೆಟ್ಟಗಾಗಬೇಕಿತ್ತೇನು ನೀವು?"

ಸರಿ ಮಾಡಿದೆನೆಂದು ಮೌನೇಶನಿಗೂ ಅನಿಸಿರಲಿಲ್ಲ. ಸುಳ್ಳು ಹೇಳಿದ್ದರೂ ಅನಿಸುತ್ತಿರಲಿಲ್ಲ. ಸರಿ ಮಾಡಬಹುದಾಗಿದ್ದ ದಿನ ಒಂದೇ ಇತ್ತು, ಅಂದು ಅವನು ಅಂಗಡಿಗೆ ಹೋಗಿದ್ದ.

ಮುಂದಿನ ವಾರ ಹತ್ತು ಗಂಟೆಯ ಹೊತ್ತಿಗೆ ಸ್ಟುಡಿಯೋದ ಬಾಗಿಲಿಗೆ ಹುಲಿಗೆಪ್ಪ ಬಂದು ನಿಂತ. ಒಬ್ಬನೇ. ಶಿಕ್ಷೆಯಾದಾಗ ರದ್ದಾಗಿದ್ದ ಕಾರ್ಮಿಕ ಕಾರ್ಡಿಗೆ ಹೊಸದಾಗಿ ಅರ್ಜಿ ಹಾಕಬೇಕು, ಅದಕ್ಕೆ ಫೋಟೋ ಬೇಕು ಎಂದ.

"ಊರಾಗ ಬ್ಯಾರೆ ಅಂಗಡಿ ಅದಾವಲ್ಲ," ಎಂದ ಮೌನೇಶ.

"ಅದಾವು. ಇಲ್ಲೇ ತಗಸೂಣು ಅಂತ ಬಂದೆ."

ಮೌನೇಶ ದೀಪ ಹಾಕಿದ. ಸ್ಟೂಲು ತೋರಿಸಿದ. ಹುಲಿಗೆಪ್ಪ ಕೂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ ಅಂತ ತಿಳೀಬ್ಯಾಡ್ರಿ," ಎಂದ. "ಐತಿ. ಆದ್ರ ಒಂದು ಮಾತು ಹೇಳ್ತೇನಿ. ಟಾಕಿ ವಾಲೇತಿ ಅಂತ ನಾ ರೇಣವ್ವಗೂ ಹೇಳಿರಲಿಲ್ಲ. ಜನರನ್ನ ಹೆದರಿಸಬ್ಯಾಡ ಅಂದಿದ್ರಲ್ಲ ಸಾಹೇಬ್ರು, ನಂಬಿದ್ದೆ. ಅವತ್ತ ಮುಂಜಾನೆ ಕೊಡ ತಗೊಂಡು ಹೊಂಟಿದ್ಲು. ನೋಡ್ಕೋತ ಕುಂತೆ."

ಮೌನೇಶನ ಕೈಯಲ್ಲಿ ಕ್ಯಾಮೆರಾ ಇತ್ತು. ಅದನ್ನು ಕಣ್ಣಿಗೆ ಏರಿಸಿದ, ಏನಾದರೂ ಅಡ್ಡ ಇರಲಿ ಎಂದು.

"ಅದನ್ನ ಕೆಳಗಿಡ್ರಿ," ಎಂದ ಹುಲಿಗೆಪ್ಪ. "ಫೋಟೋ ಆಮ್ಯಾಲೆ. ಈಗರ ನೋಡ್ರಿ."

ಮೌನೇಶ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ನೋಡಿದ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಬಲಗಣ್ಣು ಎಡಗಣ್ಣಿಗಿಂತ ಸಣ್ಣದು. ಸುಣ್ಣ ಸಿಮೆಂಟು ತಿಂದ ಕೆನ್ನೆ, ಅದರಲ್ಲಿ ಬಿಳಿ ಮೊಳೆತ ಗಡ್ಡ. ಕೆಳತುಟಿಯನ್ನು ಮನುಷ್ಯ ಒಳಗಿನಿಂದ ಕಚ್ಚಿ ಹಿಡಿದಿದ್ದ. ಕಣ್ಣು ತಪ್ಪಿಸಬೇಕೆನಿಸಿತು, ತಪ್ಪಿಸಲಿಲ್ಲ. ಎಷ್ಟು ಹೊತ್ತು ನೋಡಬೇಕೆಂದು ಹುಲಿಗೆಪ್ಪ ಹೇಳಲಿಲ್ಲ. ಮೌನೇಶ ಕೇಳಲಿಲ್ಲ.